ಕೆಲಸದ ನಡುವೆ ಆಫ್ ಆಗುವ ಕಂಪ್ಯೂಟರ್

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್ ಸಣ್ಣಪುಟ್ಟ ಕೆಲಸಗಳಲ್ಲಿ ಸರಿಯಾಗಿಯೇ ನಡೆಯುತ್ತದೆ. ಆದರೆ ವಿಡಿಯೊ ಎಡಿಟಿಂಗ್ ಆರಂಭಿಸಿದ ಸ್ವಲ್ಪ ಹೊತ್ತಿಗೆ ಯಾವ ಸೂಚನೆಯೂ ಇಲ್ಲದೆ ಆಫ್ ಆಗುತ್ತದೆ. ವಿಂಡೋಸ್ ಮತ್ತೆ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಕಾರಣವೇನು?

ಉತ್ತರ: ವಿಂಡೋಸ್ ಮತ್ತೆ ಹಾಕಿಸಿದರೂ ತೊಂದರೆ ಉಳಿದಿರುವುದರಿಂದ ದೋಷವು ಯಂತ್ರಭಾಗದಲ್ಲಿಯೇ ಇರುವ ಸಂಭವ ಹೆಚ್ಚು. ವಿಂಡೋಸ್‌ನಲ್ಲಿ ನಡೆದ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ನಿಮಗೆ ಕಾಣಬಹುದು. ಅದು ಕಂಪ್ಯೂಟರ್ ಕ್ರಮಬದ್ಧವಾಗಿ ಮುಚ್ಚಿಲ್ಲವೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ.

ಮೊದಲ ಶಂಕೆ ಶಾಖದ ಮೇಲೆ. ಪ್ರೊಸೆಸರ್ ಬಿಸಿಯಾದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದಾಗ ಸುಟ್ಟುಹೋಗದಂತೆ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ಉಷ್ಣತೆ ತೋರಿಸುವ ತಂತ್ರಾಂಶವೊಂದನ್ನು ತೆರೆದಿಟ್ಟು ಎಡಿಟಿಂಗ್ ಮಾಡಿ ನೋಡಿ. ಅಂಕಿ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ ಮೇಲೆ ಆಫ್ ಆದರೆ, ಪ್ರೊಸೆಸರ್ ಮೇಲಿರುವ, ಶಾಖ ಹೀರುವ ಲೋಹದ ಹೀಟ್‌ಸಿಂಕ್‌ನ ದೂಳನ್ನು ತೆಗೆದು, ಫ್ಯಾನ್ ತಿರುಗುತ್ತಿದೆಯೇ ಎಂದು ಪರೀಕ್ಷಿಸಿ, ಅವೆರಡರ ನಡುವೆ ಶಾಖ ದಾಟಿಸುವ, ಈಗ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಬೇಕು. ಬಹಳಷ್ಟು ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ.

ಉಷ್ಣತೆ 70ರ ಆಸುಪಾಸಿನಲ್ಲಿರುವಾಗಲೇ ಆಫ್ ಆದರೆ ಪವರ್ ಸಪ್ಲೈಯನ್ನು (ಕಂಪ್ಯೂಟರ್‌ನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ), ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಅನ್ನು ನಂತರ ಸೇರಿಸಿದ್ದರೆ, ಅನುಮಾನಿಸಿ. ಪವರ್ ಸಪ್ಲೈಯ 12 ವೋಲ್ಟ್ ತಂತಿಯಲ್ಲಿ ಹೊರೆ ಬಿದ್ದಾಗ ವಿದ್ಯುತ್ ಒತ್ತಡವು 11.4 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಇದನ್ನು ಖಚಿತಪಡಿಸಿಕೊಳ್ಳಲು ಸಾಕಷ್ಟು ವ್ಯಾಟ್ ಸಾಮರ್ಥ್ಯದ ಬೇರೊಂದು ಪವರ್ ಸಪ್ಲೈ ಜೋಡಿಸಿ ನೋಡುವುದೇ ಸುಲಭದ ದಾರಿ. ಆದರೆ ಹಳೆಯದರ ಪೆಟ್ಟಿಗೆಯನ್ನು ತೆರೆಯಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.