ಯುರೋಪಿನ ‘ತಾಯ್ನುಡಿ ಜೊತೆ ಎರಡು ಭಾಷೆ’ ನೀತಿಯಿಂದ ಸ್ವೀಡನ್ನಿನಲ್ಲಿ ಕನ್ನಡ ಸಿಗುತ್ತದಾ?

ನಿಮ್ಮ ತಂಗಿಯ ಸಂಸಾರ ಸ್ವೀಡನ್ನಿಗೆ ಹೊರಟಿದೆ. ಯುರೋಪಿನಲ್ಲಿ ಪ್ರತಿ ಮಗುವಿಗೂ ತಾಯ್ನುಡಿ ಜೊತೆ ಎರಡು ಭಾಷೆ ಕಲಿಸಲೇಬೇಕು ಅನ್ನೋ ಕಾನೂನು ಇದೆಯಂತೆ, ಹಾಗಾದರೆ ಅಲ್ಲಿ ಶಾಲೆಯಲ್ಲೇ ಕನ್ನಡ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗಬಹುದು. ಆದರೆ ನೀವು ಹೇಳಿದ ಆ ನೀತಿಯಿಂದಲ್ಲ, ಸ್ವೀಡನ್ ತಾನಾಗಿಯೇ ಮಾಡಿಕೊಂಡ ಏರ್ಪಾಡಿನಿಂದ. ನಾವೂ ಇಲ್ಲೇ ಮಕ್ಕಳನ್ನು ಬೆಳೆಸುತ್ತಿದ್ದೇವೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2002ರ ಮಾರ್ಚ್‌ನಲ್ಲಿ ಬಾರ್ಸಿಲೋನಾದಲ್ಲಿ ಯುರೋಪಿಯನ್ ಒಕ್ಕೂಟದ ನಾಯಕರು ಸೇರಿದ್ದರು. ಮಕ್ಕಳಿಗೆ ತುಂಬಾ ಚಿಕ್ಕ ವಯಸ್ಸಿನಿಂದಲೇ ಕನಿಷ್ಠ ಎರಡು ವಿದೇಶಿ ಭಾಷೆ ಕಲಿಸೋಣ ಎಂದು ಒಪ್ಪಿಕೊಂಡರು. ಇದು ಗುರಿ ಮಾತ್ರ, ಕಾನೂನಲ್ಲ. ಶಾಲೆಯಲ್ಲಿ ಏನು ಕಲಿಸಬೇಕು ಎನ್ನುವುದು ಆಯಾ ದೇಶದ ಕೈಯಲ್ಲಿದೆ, ಒಕ್ಕೂಟ ಬಲವಂತ ಮಾಡುವಂತಿಲ್ಲ. ನಮ್ಮಲ್ಲಿ 1968ರಲ್ಲಿ ಬಂದ ತ್ರಿಭಾಷಾ ಸೂತ್ರವನ್ನು ತಮಿಳುನಾಡು ಒಪ್ಪದೆ ಎರಡೇ ಭಾಷೆ ಇಟ್ಟುಕೊಂಡಿತಲ್ವಾ, ಇಲ್ಲೂ ಹಾಗೇ ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ. ಒಂದು ವ್ಯತ್ಯಾಸ ನನಗೆ ಮುಖ್ಯ ಅನಿಸುತ್ತದೆ. ಬಾರ್ಸಿಲೋನಾದಲ್ಲಿ ಇಂಥದ್ದೇ ಭಾಷೆ ಕಲಿಯಿರಿ ಎಂದು ಹೆಸರು ಹೇಳಲಿಲ್ಲ. ಅದು ಸರಿಯಾದ ನಿರ್ಧಾರ. ಆದರೆ ಹೆಸರು ಹೇಳದೇ ಇದ್ದಾಗ ಎಲ್ಲರೂ ಮೊದಲು ಇಂಗ್ಲಿಷ್ ಆರಿಸಿಕೊಳ್ಳುತ್ತಾರೆ, ಎರಡನೆಯದು ಸೊರಗುತ್ತದೆ. 2024ರಲ್ಲಿ ಪ್ರಕಟವಾದ ಒಕ್ಕೂಟದ ಸಮೀಕ್ಷೆಯ ಪ್ರಕಾರ ತಾಯ್ನುಡಿ ಬಿಟ್ಟು ಇನ್ನೊಂದು ಭಾಷೆಯಲ್ಲಿ ಮಾತಾಡಬಲ್ಲವರು ಶೇ. 59, ಇನ್ನೆರಡರಲ್ಲಿ ಮಾತಾಡಬಲ್ಲವರು ಶೇ. 28.

ಈ ನೀತಿಯಲ್ಲಿ ನನಗೆ ನೋವು ತರುವ ವಿಷಯ ಬೇರೆ ಇದೆ. ಲೆಕ್ಕಕ್ಕೆ ಬರುವುದು ಶಾಲೆಯ ಭಾಷೆ ಮತ್ತು ಶಾಲೆಯಲ್ಲಿ ಕಲಿಸುವ ವಿದೇಶಿ ಭಾಷೆಗಳು. ಮನೆಯಲ್ಲಿ ತುರ್ಕಿ, ಅರಬ್ಬಿ, ಕನ್ನಡ ಮಾತಾಡುವ ಮಗು ಆಗಲೇ ಎರಡು ಭಾಷೆ ಬಲ್ಲದು. ಅದನ್ನು ಹೆಚ್ಚಿನ ಕಡೆ ಯಾರೂ ಎಣಿಸುವುದಿಲ್ಲ. ವಲಸೆ ಕಾರ್ಮಿಕರ ಮಕ್ಕಳಿಗೆ ಅವರ ತಾಯ್ನುಡಿ ಕಲಿಸುವುದನ್ನು ಬೆಂಬಲಿಸಬೇಕು ಎಂದು 1977ರಲ್ಲೇ ಒಂದು ನಿರ್ದೇಶನ ಬಂದಿತ್ತು. ಆದರೆ ಅದು ಒಕ್ಕೂಟದ ಸದಸ್ಯ ದೇಶಗಳಿಂದ ಬಂದವರ ಮಕ್ಕಳಿಗೆ ಮಾತ್ರ. 2019ರ ಶಿಫಾರಸಿನಲ್ಲಿ ಮನೆಭಾಷೆಗೆ ಬೆಲೆ ಕೊಡಿ ಎಂಬ ಮಾತಿದೆ. ಶಿಫಾರಸು ಅಷ್ಟೇ.

ಸ್ವೀಡನ್ ಒಕ್ಕೂಟ ಸೇರಿದ್ದು 1995ರಲ್ಲಿ. ಅದಕ್ಕೂ ಮೊದಲೇ, 1977ರಲ್ಲಿ, ಈ ದೇಶ ಮನೆಭಾಷೆಯ ಪಾಠವನ್ನು ಶಾಲೆಯೊಳಗೆ ತಂದಿತ್ತು. ಆಗ ಇಲ್ಲಿ ದುಡಿಯಲು ಬಂದವರಲ್ಲಿ ಫಿನ್ಲೆಂಡಿನವರೇ ಜಾಸ್ತಿ. ಈಗ ಯಾವ ಭಾಷೆಯವರು ಬೇಕಾದರೂ ಕೇಳಬಹುದು. ಮುಖ್ಯ ಷರತ್ತುಗಳು ಹೀಗಿವೆ: ತಂದೆ ಅಥವಾ ತಾಯಿಯ ತಾಯ್ನುಡಿ ಅದಾಗಿರಬೇಕು, ಮಗು ಮನೆಯಲ್ಲಿ ದಿನವೂ ಅದನ್ನೇ ಆಡುತ್ತಿರಬೇಕು, ಆ ಭಾಷೆ ಮಗುವಿಗೆ ತಕ್ಕಮಟ್ಟಿಗೆ ಬರುತ್ತಿರಬೇಕು. ಅದರ ಮೇಲೆ, ಅದೇ ಭಾಷೆ ಕೇಳುವ ಕನಿಷ್ಠ 5 ಮಕ್ಕಳಿರಬೇಕು, ತಕ್ಕ ಶಿಕ್ಷಕರೂ ಸಿಗಬೇಕು. ಈ ಐವರು ಒಂದೇ ಶಾಲೆಯವರಾಗಬೇಕಿಲ್ಲ. ಇಲ್ಲಿಯ ಸ್ಥಳೀಯ ಆಡಳಿತಕ್ಕೆ ಕಮ್ಯೂನ್ ಅನ್ನುತ್ತಾರೆ. ಅದು ನಡೆಸುವ ಎಲ್ಲ ಶಾಲೆಗಳನ್ನೂ ಸೇರಿಸಿ ಎಣಿಸುತ್ತಾರೆ. ಖಾಸಗಿಯವರು ನಡೆಸುವ ಶಾಲೆಯಾದರೆ ಆ ಸಂಸ್ಥೆಯ ಮಕ್ಕಳದ್ದು ಮಾತ್ರ ಲೆಕ್ಕ. ಶಾಲೆ ಆರಿಸುವಾಗಲೇ ನಿಮ್ಮ ತಂಗಿ ಇದನ್ನು ಯೋಚಿಸಲಿ.

ಪಾಠ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಆಸುಪಾಸು, ಹೆಚ್ಚಾಗಿ ಶಾಲೆ ಬಿಟ್ಟ ಮೇಲೆ. ಕಡಿಮೆಯೇ. ಆದರೂ ಅದು ಪಠ್ಯಕ್ರಮವಿರುವ ವಿಷಯ, 6ನೇ ತರಗತಿಯಿಂದ ಗ್ರೇಡ್ ಕೂಡ ಕೊಡುತ್ತಾರೆ. ಗಣಿತ, ಸ್ವೀಡಿಷ್ ಇರುವ ಅಂಕಪಟ್ಟಿಯಲ್ಲೇ ತನ್ನ ಭಾಷೆಯೂ ಇದೆ ಎಂದು ಗೊತ್ತಾದಾಗ ಮಗು ಅದನ್ನು ನೋಡುವ ರೀತಿಯೇ ಬದಲಾಗುತ್ತದೆ. ನನ್ನ ಮಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ನಿಜವಾದ ತೊಡಕು ನಮ್ಮವರಲ್ಲೇ ಇದೆ. ಇಲ್ಲಿಗೆ ಬರುವ ಎಷ್ಟೋ ಕನ್ನಡ ಕುಟುಂಬಗಳು ಮಕ್ಕಳ ಜೊತೆ ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತವೆ. ಶಾಲೆಯ ಅರ್ಜಿಯಲ್ಲಿ ಮನೆಭಾಷೆ ಅಂತ ಇಂಗ್ಲಿಷ್ ಬರೆದುಬಿಟ್ಟರೆ ಕನ್ನಡ ಕೇಳುವ ಹಕ್ಕು ಅಲ್ಲೇ ಕಳೆದುಹೋಗುತ್ತದೆ. ಐದರ ಲೆಕ್ಕದಲ್ಲಿ ಉಳಿದ ಮಕ್ಕಳಿಗೂ ಒಂದು ಕಡಿಮೆಯಾಗುತ್ತದೆ. ನಮ್ಮ ಊರಿನಲ್ಲಿ ಲೆಕ್ಕ ಹೀಗೇ ಕೈತಪ್ಪುತ್ತಿತ್ತು. ರಾಜ್ಯೋತ್ಸವಕ್ಕೆ ಸೇರಿದಾಗ ಪರಸ್ಪರ ಮಾತಾಡಿಕೊಂಡು, ಎಲ್ಲರೂ ಒಟ್ಟಿಗೆ ಅರ್ಜಿ ಹಾಕಿದ ಮೇಲೆ ಐದು ದಾಟಿತು.

ಹಾಗಾಗಿ ತಂಗಿಗೆ ಹೇಳಿ: ಅರ್ಜಿಯಲ್ಲಿ ಕನ್ನಡ ಅಂತಲೇ ಬರೆಯಲಿ, ಮನೆಯಲ್ಲೂ ಅದನ್ನೇ ಆಡಲಿ. ಸ್ವೀಡಿಷ್ ಬರುವ ತನಕ ಬೇರೆ ಪಾಠಗಳು ಅರ್ಥವಾಗಲು ತಾಯ್ನುಡಿಯಲ್ಲಿ ಸಹಾಯ ಕೊಡುವ ವ್ಯವಸ್ಥೆಯೂ ಇದೆ, ಅದನ್ನೂ ಕೇಳಲಿ. ಶಿಕ್ಷಕರು ಸಿಗದಿದ್ದರೆ ಕನ್ನಡ ಚೆನ್ನಾಗಿ ಬಲ್ಲವರ ಹೆಸರನ್ನು ಪೋಷಕರೇ ಸೂಚಿಸಬಹುದು. ಈ ಪಾಠಕ್ಕೆ ಉಳಿದ ವಿಷಯಗಳ ಹಾಗೆ ಶಿಕ್ಷಕ ಪರವಾನಗಿ ಕಡ್ಡಾಯವಲ್ಲ. ಅವರು ಯಾವ ಕಮ್ಯೂನ್‌ಗೆ ಬರುತ್ತಿದ್ದಾರೆ ಅಂತ ತಿಳಿಸಿ, ಅಲ್ಲಿ ಕನ್ನಡದ ಕುಟುಂಬಗಳು ಯಾರಿದ್ದಾರೆ ಎಂದು ವಿಚಾರಿಸುತ್ತೇನೆ.