ಬೆಳಕನ್ನು ಬೆಳಕಾಗಿಯೇ ತಿರುಗಿಸಬಾರದೇ?

ಪ್ರಶ್ನೆ: ಫೈಬರ್‌ನಲ್ಲಿ ಡೇಟಾ ಬೆಳಕಾಗಿ ಬರುತ್ತದೆ. ರೂಟರ್‌ಗಳಲ್ಲಿ ಮಾತ್ರ ಅದನ್ನು ವಿದ್ಯುತ್ ಸಿಗ್ನಲ್ ಮಾಡಿ, ಮತ್ತೆ ಬೆಳಕು ಮಾಡಿ ಕಳಿಸುತ್ತಾರಂತೆ. ಸುಮ್ನೆ ಯಾಕೆ ಈ ಸುತ್ತು? ಆಪ್ಟಿಕಲ್ ಸ್ವಿಚ್ ಹಾಕಿದರೆ ಬ್ರಾಡ್‌ಬ್ಯಾಂಡ್ ವೇಗ ಜಾಸ್ತಿ ಆಗಲ್ವಾ?

ಉತ್ತರ: ಆಪ್ಟಿಕಲ್ ಸ್ವಿಚ್ ಈಗಾಗಲೇ ಇದೆ, ದೊಡ್ಡ ಜಾಲಗಳಲ್ಲಿ ದುಡಿಯುತ್ತಲೂ ಇದೆ. ಆದರೆ ಅದಕ್ಕೆ ಓದಲು ಬರುವುದಿಲ್ಲ!

ಇಂಟರ್ನೆಟ್ ಡೇಟಾ ಹೋಗುವುದು ಪ್ಯಾಕೆಟ್‌ಗಳಾಗಿ. ಪ್ರತಿಯೊಂದರ ತಲೆಯಲ್ಲೂ ವಿಳಾಸ ಇರುತ್ತದೆ, ಅದನ್ನು ಓದಿ ದಾರಿ ತೋರಿಸುವುದು ಎಲೆಕ್ಟ್ರಾನಿಕ್ ಚಿಪ್. ಆಪ್ಟಿಕಲ್ ಸ್ವಿಚ್‌ಗಳಲ್ಲಿ ಹೆಸರಾದ ಒಂದು ಬಗೆಯಲ್ಲಿ ಇರುವುದು ಪುಟಾಣಿ ಕನ್ನಡಿಗಳು, ಅವು ವಾಲಿದ ಕಡೆಗೆ ಬೆಳಕು ಹೋಗುತ್ತದೆ. ಕನ್ನಡಿ ತಿರುಗಿ ನಿಲ್ಲಲು ಕೆಲವು ಮಿಲಿಸೆಕೆಂಡ್ ಬೇಕು. 100 ಗಿಗಾಬಿಟ್ ಲೈನ್‌ನಲ್ಲಿ 1500 ಬೈಟ್‌ನ ಪ್ಯಾಕೆಟ್ ದಾಟಲು ಬರೀ 120 ನ್ಯಾನೋಸೆಕೆಂಡ್ ಸಾಕು, ಅಂದರೆ ಕನ್ನಡಿ ಒಮ್ಮೆ ತಿರುಗುವಷ್ಟರಲ್ಲಿ ಸಾವಿರಾರು ಪ್ಯಾಕೆಟ್ ಹೋಗಿಬಿಟ್ಟಿರುತ್ತವೆ. ಇದಕ್ಕಿಂತ ಎಷ್ಟೋ ಚುರುಕಾದ ಆಪ್ಟಿಕಲ್ ಸ್ವಿಚ್‌ಗಳೂ ಇವೆ, ಆದರೆ ನಿಜವಾದ ತಲೆನೋವು ಬೇರೆಯೇ.

ಎರಡು ಪ್ಯಾಕೆಟ್ ಒಂದೇ ಬಾಗಿಲಿಗೆ ಬಂದರೆ ಒಂದು ಕಾಯಬೇಕು. ಎಲೆಕ್ಟ್ರಾನಿಕ್ಸ್‌ನಲ್ಲಿ ಮೆಮೊರಿ ಇದೆ, ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದು. ಬೆಳಕನ್ನು ನಿಲ್ಲು ಅಂದರೆ ನಿಲ್ಲುತ್ತದೆಯೇ? ಫೈಬರ್ ಸುರುಳಿಯಲ್ಲಿ ಸುತ್ತಾಡಿಸಬೇಕು, ಒಂದು ಮೈಕ್ರೋಸೆಕೆಂಡ್ ತಡೆಯಲು ಸುಮಾರು 200 ಮೀಟರ್ ಫೈಬರ್ ಬೇಕು, ಆ ಹೊತ್ತಿಗೂ ಬಾಗಿಲು ಖಾಲಿ ಇಲ್ಲದಿದ್ದರೆ ಪ್ಯಾಕೆಟ್ ಹೋದಂತೆಯೇ.

ಆದರೆ ದಿನಗಟ್ಟಲೆ ಒಂದೇ ದಾರಿಯಲ್ಲಿ ಹರಿಯುವ ದೊಡ್ಡ ಪ್ರವಾಹಕ್ಕೆ ಆಪ್ಟಿಕಲ್ಲೇ ವಾಸಿ. ದೂರದ ಜಾಲಗಳ ರೋಡಮ್ ಎಂಬ ಉಪಕರಣ, ಮಧ್ಯದ ಊರಿಗೆ ಬೇಡದ ತರಂಗಾಂತರಗಳನ್ನು (ಬೆಳಕಿನ ಬೇರೆ ಬೇರೆ ಬಣ್ಣಗಳು ಎನ್ನಿ) ಬೆಳಕಾಗಿಯೇ ಮುಂದೆ ಬಿಡುತ್ತದೆ. ಗೂಗಲ್ ತನ್ನ ಡೇಟಾ ಸೆಂಟರ್‌ಗಳಲ್ಲೂ ಕನ್ನಡಿ ಸ್ವಿಚ್ ಬಳಸುತ್ತಿರುವುದಾಗಿ 2022ರಲ್ಲಿ ಹೇಳಿತು. ಕರೆಂಟ್ ಉಳಿಯುತ್ತದೆ. ನಾಳೆ ಲೈನ್ ವೇಗ ಹೆಚ್ಚಿಸಿದರೂ ಕನ್ನಡಿ ಬದಲಿಸಬೇಕಿಲ್ಲ, ಅದಕ್ಕೆ ಎಲ್ಲ ಬೆಳಕೂ ಒಂದೇ.

ನಿಮಗೆ ವೇಗ ಸಿಗುತ್ತದೆಯೇ? ಹೆಚ್ಚೇನಿಲ್ಲ. ಫೈಬರ್‌ನಲ್ಲಿ 1000 ಕಿಲೋಮೀಟರ್ ದಾಟಲು ಬೆಳಕಿಗೇ 5 ಮಿಲಿಸೆಕೆಂಡ್ ಬೇಕು, ಅದರ ಮುಂದೆ ಬೆಳಕನ್ನು ವಿದ್ಯುತ್ ಮಾಡಿ ಮತ್ತೆ ಬೆಳಕು ಮಾಡುವ ಹೊತ್ತು ಲೆಕ್ಕಕ್ಕೇ ಇಲ್ಲ. ರೂಟರ್‌ನಲ್ಲಿ ತಡವಾದರೆ ಅದು ಬಹುತೇಕ ಪ್ಯಾಕೆಟ್‌ಗಳು ಕಾಯುವ ಕ್ಯೂನಲ್ಲಿ. ಲಾಭ ಏನಿದ್ದರೂ ಕಂಪನಿಯ ಕರೆಂಟ್ ಬಿಲ್ಲಿಗೆ.