ಧಾರವಾಡದ ಕಡೆ 'ರಗಡ' ಅಂದರೆ 'ಜಾಸ್ತಿ' ಅಂತಾನಾ? ನಾನೂ ಹಾಗೆ ಬಳಸಬಹುದಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮಗಳ ನಾಮಕರಣದ ದಿನ ಮರ್ಯಾದೆ ಹೋಯಿತು.

ನನ್ನೂರು ಮಂಡ್ಯ, ಕೆಲಸ ಹುಬ್ಬಳ್ಳಿಯಲ್ಲಿ. ಊಟಕ್ಕೆ 120 ಜನ. ಜೋಳದ ರೊಟ್ಟಿ ಮಾಡಿಕೊಡುವ ಅಕ್ಕನ ಹತ್ತಿರ ಹೋಗಿ "400 ಮಾಡಿಸಿದರೆ ಹೇಗೆ?" ಅಂತ ಕೇಳಿದೆ. ಅವರು ರೊಟ್ಟಿ ಬಡಿಯುತ್ತಲೇ "ರಗಡ ಆಗ್ತಾವ್ರಿ ಅಣ್ಣಾರ" ಅಂದರು. ನನಗೆ ಕೇಳಿಸಿದ್ದು "ಜಾಸ್ತಿ ಆಗುತ್ತೆ" ಅಂತ. ವ್ಯಾಪಾರ ಕಡಿಮೆಯಾದರೂ ನಿಜ ಹೇಳಿದರಲ್ಲ ಅಂತ ಖುಷಿಯಾಗಿ "ಹಾಗಾದರೆ 300 ಸಾಕು" ಅಂದೆ. ಬಡಿಯುತ್ತಿದ್ದ ಕೈ ನಿಂತಿತು. ಹಿಟ್ಟು ಮೆತ್ತಿದ ಕೈಯ ಹಿಂಬದಿಯಿಂದ ಹಣೆ ಒರೆಸಿಕೊಂಡು, "ನಿಮ್ಮ ಮರ್ಜಿರಿ" ಅಂದರು. ಆಗಲೇ ತಿಳಿಯಬೇಕಿತ್ತು.

ಕೊನೇ ಪಂಕ್ತಿಗೆ ಬುಟ್ಟಿ ಖಾಲಿ. ಎಣಗಾಯಿ ಇದೆ, ಶೇಂಗಾ ಚಟ್ನಿ ಇದೆ, ರೊಟ್ಟಿ ಇಲ್ಲ. ಹಿರಿಯರೊಬ್ಬರು "ರೊಟ್ಟಿ ಮುಗದ್ವೇನ್ರಿ?" ಅಂತ ಮೆಲ್ಲಗೆ ಕೇಳಿದರು. ಬೈದಿದ್ದರೇ ವಾಸಿಯಿತ್ತು.

ನಮ್ಮ ಕಡೆ "ಜಾಸ್ತಿ ಆಯ್ತು" ಅಂದರೆ ಕಡಿಮೆ ಮಾಡು ಅಂತ. ರಗಡದಲ್ಲಿ ಆ ದೂರು ಇಲ್ಲ. ಬೇಕಾದಷ್ಟು, ಧಾರಾಳ, ಕೊರತೆ ಬೀಳಲ್ಲ ಅಂತ ಅರ್ಥ. "ಮದುವಿಗೆ ರಗಡ ಮಂದಿ ಬಂದಿದ್ರು" ಅನ್ನುವವರ ಮುಖ ನೋಡಿ, ಹೆಮ್ಮೆ ಇರುತ್ತದೆ. ಎಲೆಗೆ ಕೈ ಅಡ್ಡ ಹಿಡಿದು "ರಗಡ ಆತ್ರಿ" ಅಂದರೂ ಹೊಟ್ಟೆ ತುಂಬಿತು ಅಂತಲೇ ಹೊರತು ಯಾಕಿಷ್ಟು ಬಡಿಸಿದಿರಿ ಅಂತಲ್ಲ. ಅಂದರೆ ಆ ಅಕ್ಕ ನನಗೆ ಹೇಳಿದ್ದು "400 ಇದ್ದರೆ ಚಿಂತೆ ಬಿಡಿ" ಅಂತ. ನಾನು ಆ ಚಿಂತೆಯನ್ನೇ 100 ರೊಟ್ಟಿ ಕಡಿಮೆ ಮಾಡಿ ಮನೆಗೆ ತಂದೆ! ಮಿತಿ ಮೀರಿತು ಅನ್ನೋಕೆ ಇಲ್ಲಿ ಬೇರೆ ಮಾತಿದೆ: "ಭಾಳ ಆತ್ ನಿಂದು". ಅದರ ಅರ್ಥ ಯಾರನ್ನೂ ಕೇಳಬೇಕಿಲ್ಲ, ಅಂದವರ ಕಣ್ಣು ನೋಡಿದರೆ ಸಾಕು.

ಮರಾಠಿಯಲ್ಲೂ 'ರಗ್ಗಡ' ಇದೆ, ಅರ್ಥವೂ ಅದೇ. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತಲ್ವಾ, ಎರಡೂ ಭಾಷೆಗೆ ಸೇರಿದ ಮಾತುಗಳು ಇಲ್ಲಿ, ಏನಂತೀರಿ, ರಗಡ.

ಬಳಸಬಹುದಾ ಅಂದಿರಿ. ಯಾಕೆ ಅವಸರ? ನಿಮ್ಮ 'ಜಾಸ್ತಿ' ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಬಂದ ಹೊಸದರಲ್ಲಿ ಸುಮ್ನೆ ರಗಡ, ಮಸ್ತ ಅಂತ ಸೇರಿಸಿ ಮಾತಾಡುವವರನ್ನು ಕಂಡರೆ ನನಗಂತೂ ಮುಜುಗರ. ಮೊದಲು ಒಂದು ವರ್ಷ ಕಿವಿಗೆ ಬೀಳಲಿ.

ಈಗ ನಾನು ರೊಟ್ಟಿ ಎಷ್ಟು ಬೇಕು ಅಂತ ಹೇಳುವುದೇ ಇಲ್ಲ. ಎಷ್ಟು ಮಂದಿ ಅಂತಷ್ಟೇ ಹೇಳುತ್ತೇನೆ. ಲೆಕ್ಕ ಅಕ್ಕನದೇ.